ನಿಕಲ್ ಆಕ್ಸೈಡಿಗೆ ಲಿಥಿಯಂ ಹಾಕಿದ್ರೆ ಕಪ್ಪಾಗಿ ಕರೆಂಟ್ ಹರೀತದೆ. ಇದನ್ನ ಲೋಹ ಅನ್ಬಹುದಾ?

ಕೋಡಿಬಾಗ_ಬೀಚ್
ಎಮ್ಮೆಸ್ಸಿ ಪ್ರಾಜೆಕ್ಟ್, ಕಾರವಾರ. ವಿಷಯ: ಇಲೆಕ್ಟ್ರಾನ್‌ಗಳ ಜಗಳದಿಂದ ಇನ್ಸುಲೇಟರ್ ಆಗಿರೋ ಆಕ್ಸೈಡನ್ನ ಡೋಪ್ ಮಾಡಿ (ಬೇರೆ ಧಾತು ಸ್ವಲ್ಪ ಬೆರೆಸಿ) ಲೋಹ ಮಾಡೋದು. ಲ್ಯಾಬಲ್ಲಿರೋದು 1100 ಡಿಗ್ರಿ ತನಕ ಹೋಗೋ ಮಫಲ್ ಫರ್ನೇಸ್, 13 ಮಿ.ಮೀ. ಡೈ, ಕೈಪ್ರೆಸ್, ಮಲ್ಟಿಮೀಟರ್, ಒಂದು ಫೋರ್-ಪ್ರೋಬ್ ಸೆಟಪ್ (ನಾಲ್ಕು ತಂತಿಯಿಂದ ರೋಧ ಅಳೆಯೋದು). ಲಿಕ್ವಿಡ್ ನೈಟ್ರೋಜನ್ ಇಲ್ಲ.

ಹಸಿರು ನಿಕಲ್ ಆಕ್ಸೈಡ್ 3.548 ಗ್ರಾಂ, ಲಿಥಿಯಂ ಕಾರ್ಬೋನೇಟ್ 0.0924 ಗ್ರಾಂ. ಅಂದ್ರೆ ನಿಕಲ್ ಜಾಗದಲ್ಲಿ 5% ಲಿಥಿಯಂ. 900 ಡಿಗ್ರಿಗೆ 12 ಗಂಟೆ ಸುಟ್ಟ ಮೇಲೆ ಪುಡಿ ಕಪ್ಪು. ಬಿಲ್ಲೆ ಒತ್ತಿ ಮತ್ತೆ ಸುಟ್ಟು ಅಳೆದ್ರೆ 27 ಡಿಗ್ರಿಯಲ್ಲಿ 800 ಓಮ್, 97 ಡಿಗ್ರಿಯಲ್ಲಿ 150 ಓಮ್. ಲಿಥಿಯಂ ಇಲ್ಲದ ಬಿಲ್ಲೆ ಮೀಟರಿನ ಮೆಗಾ ಓಮ್ ರೇಂಜಿಗೂ ಸಿಗ್ತಾ ಇಲ್ಲ. "ಇನ್ಸುಲೇಟರ್ ಲೋಹ ಆಯ್ತು" ಅಂತ ರಿಪೋರ್ಟಲ್ಲಿ ಬರೀಬಹುದಾ?

ಗೋಟಡಿಕೆ_ಸಿರ್ಸಿ
ಇಲ್ಲೆ ಮಾರಾಯಾ. ಬಿಸಿ ಮಾಡಿದ ಹಾಗೆ ರೋಧ ಇಳೀತಾ ಇದ್ರೆ ಲೋಹ ಎಲ್ಲಿಂದ ಬಂತು?

ಹಳೇ_ಸ್ಲೈಡ್‌ರೂಲ್
ಗೋಟಡಿಕೆಯವರ ಮಾತಿಗೆ ಅಂಕಿ ಹಾಕಿ ನೋಡಿ. 300 ಕೆಲ್ವಿನ್‌ಗೆ 800, 370 ಕೆಲ್ವಿನ್‌ಗೆ 150. ಅನುಪಾತ 5.33, ಅದರ ನ್ಯಾಚುರಲ್ ಲಾಗ್ 1.67. 1/300ರಲ್ಲಿ 1/370 ಕಳೆದರೆ 0.00063. ಅದರಿಂದ ಭಾಗಿಸಿ ಬೋಲ್ಟ್ಸ್‌ಮನ್ ಸ್ಥಿರಾಂಕದಿಂದ ಗುಣಿಸಿದರೆ ಸುಮಾರು 0.23 ಇಲೆಕ್ಟ್ರಾನ್ ವೋಲ್ಟ್. ಕೋಣೆಯ ತಾಪದಲ್ಲಿ ಸಿಗೋ ಉಷ್ಣಶಕ್ತಿ 0.026. ಅಂದರೆ ಹೋಲ್ (ಇಲೆಕ್ಟ್ರಾನ್ ಬಿಟ್ಟು ಹೋದ ಖಾಲಿ ಜಾಗ) ಒಂದು ಹೆಜ್ಜೆ ಇಡಬೇಕಾದ್ರೆ ಅದರ ಒಂಬತ್ತು ಪಟ್ಟು ಎತ್ತರದ ದಿಬ್ಬ ಹತ್ತಬೇಕು. ಲೋಹದಲ್ಲಿ ಈ ದಿಬ್ಬವೇ ಇರೋದಿಲ್ಲ.

ಪೋಲರಾನ್ (ಸುತ್ತಲಿನ ಜಾಲಕವನ್ನ ಎಳೆದುಕೊಂಡು ಅಲ್ಲೇ ಸಿಕ್ಕಿಕೊಂಡ ಹೋಲ್ ಅಥವಾ ಇಲೆಕ್ಟ್ರಾನ್) ಸೂತ್ರ ಹಾಕೋದಾದ್ರೆ ರೋಧಕತೆಯನ್ನ ತಾಪಮಾನದಿಂದ ಭಾಗಿಸಿ ಆಮೇಲೆ ಲಾಗ್ ತಗೊಳ್ಳಿ, 0.26ರ ಹತ್ತಿರ ಬರ್ತದೆ. ಯಾವುದೇ ಆದ್ರೂ ಎರಡು ಬಿಂದುವಿನಿಂದ ಗೆರೆ ಎಳೀಬೇಡಿ. 10 ಡಿಗ್ರಿಗೊಂದು ರೀಡಿಂಗ್ ಬೇಕು, ಏರುವಾಗಲೂ ಇಳಿಯುವಾಗಲೂ. ಎರಡೂ ಗೆರೆ ಕೂಡದಿದ್ರೆ ಬಿಲ್ಲೆಯಲ್ಲಿ ತೇವ ಇರಬಹುದು.

ಕೋಡಿಬಾಗ_ಬೀಚ್
ಹಾಗಾದ್ರೆ ರೋಧ ಇಷ್ಟು ಇಳಿದದ್ದು ಎಂತಕ್ಕೆ ಸರ್? ಹೋಲ್ ಬಂದಿದೆ ಅಂತಾಯ್ತಲ್ಲ?

ಕಾಳಿ_ಸೇತುವೆ
ಬಂದಿದೆ. ಬಂದಿರೋದು ಬೇರೆ, ಓಡಾಡೋದು ಬೇರೆ.

ಮೊದಲಿಂದ ಹೇಳ್ತೆ. ನಿಕಲ್ ಆಕ್ಸೈಡಲ್ಲಿ ನಿಕಲ್‌ನ ಡಿ-ಕಕ್ಷೆಗಳು ಪೂರ್ತಿ ತುಂಬಿಲ್ಲ, ಎಂಟೇ ಇಲೆಕ್ಟ್ರಾನ್. ಬ್ಯಾಂಡ್ ಥಿಯರಿ (ಇಲೆಕ್ಟ್ರಾನ್‌ಗಳ ನಡುವಿನ ಜಗಳ ಲೆಕ್ಕಕ್ಕೆ ಹಿಡಿಯದ ಸಿದ್ಧಾಂತ) ಪ್ರಕಾರ ಅದು ಲೋಹ ಆಗಬೇಕು. ಆಗಿಲ್ಲ ಅಂತ 1937ರಲ್ಲೇ ಡಿ ಬೋಯರ್ ಮತ್ತೆ ಫರ್ವೇ ಎತ್ತಿ ತೋರಿಸಿದ್ರು. ಕಾರಣ, ಒಂದೇ ಪರಮಾಣುವಿನ ಮೇಲೆ ಇನ್ನೊಂದು ಇಲೆಕ್ಟ್ರಾನ್ ಬಂದು ಕೂರಬೇಕಾದ್ರೆ ತೆರಬೇಕಾದ ವಿಕರ್ಷಣೆಯ ದಂಡ ಬಹಳ. ಕುಮಟಾದಿಂದ ಕಾರವಾರಕ್ಕೆ ಹೊರಟ ಬಸ್ಸಲ್ಲಿ ಸೀಟಿಗೊಬ್ಬರು ಕೂತಿದ್ದಾರೆ, ನಿಲ್ಲೋದಕ್ಕೆ ಜಾಗ ಇಲ್ಲ, ಯಾರೂ ಯಾರ ಪಕ್ಕಕ್ಕೂ ಒತ್ತಿ ಕೂರಲ್ಲ. ಜನ ತುಂಬಿದ್ರೂ ಒಬ್ಬರೂ ಅಲುಗಾಡೋ ಹಾಗಿಲ್ಲ. ಅಂಕೋಲಾದಲ್ಲಿ ಒಬ್ಬ ಇಳಿದ್ರೆ ಸೀಟು ಖಾಲಿ, ಹಿಂದಿನವ ಮುಂದೆ ಬರಬಹುದು. ಆ ಖಾಲಿ ಸೀಟೇ ಹೋಲ್. ಲಿಥಿಯಂಗೆ ಒಂದೇ ಧನ ಚಾರ್ಜ್, ನಿಕಲ್‌ಗೆ ಎರಡು. ಒಂದು ಲಿಥಿಯಂ ಬಂದ್ರೆ ಲೆಕ್ಕ ಸರಿಹೋಗೋಕೆ ಎಲ್ಲೋ ಒಂದು ಇಲೆಕ್ಟ್ರಾನ್ ಕಡಿಮೆ ಆಗಲೇಬೇಕು.

ದೇವಬಾಗ್_ಮರಳು
ಬಸ್ಸು ಚೆನ್ನಾಗಿದೆ, ಆದ್ರೆ ಎರಡು ತಿದ್ದುಪಡಿ.

ಒಂದು, ಆ ಇಲೆಕ್ಟ್ರಾನ್ ಹೋಗೋದು ನಿಕಲ್‌ನಿಂದ ಅಂತ ಹಳೇ ಪಠ್ಯಗಳಲ್ಲಿ ಬರೀತಾರೆ. ಅದು ಬಹುಪಾಲು ಆಕ್ಸಿಜನ್ನಿಂದ ಹೋಗ್ತದೆ. ನಿಕಲ್, ತಾಮ್ರದ ಆಕ್ಸೈಡ್‌ಗಳಲ್ಲಿ ಡಿ-ಕಕ್ಷೆಯ ವಿಕರ್ಷಣೆ ಎಷ್ಟು ದೊಡ್ಡದೆಂದ್ರೆ ಆಕ್ಸಿಜನ್‌ನ ಪಿ-ಪಟ್ಟಿ ಮಧ್ಯೆ ಬಂದು ಕೂರ್ತದೆ. ಗ್ಯಾಪ್ (ಕರೆಂಟ್ ಹರಿಯೋಕೆ ಇಲೆಕ್ಟ್ರಾನ್ ದಾಟಬೇಕಾದ ಶಕ್ತಿಯ ಅಂತರ) ನಿರ್ಧಾರ ಆಗೋದು ಆಕ್ಸಿಜನ್ನಿಂದ ಲೋಹಕ್ಕೆ ಇಲೆಕ್ಟ್ರಾನ್ ದಾಟಿಸೋ ಖರ್ಚಿನಿಂದ. 1985ರಲ್ಲಿ ಜಾನೆನ್, ಸಾವಾಟ್ಸ್ಕಿ, ಆಲೆನ್ ಮಾಡಿದ ವಿಂಗಡಣೆ ಇದು. ಟೈಟೇನಿಯಂ, ವನೇಡಿಯಂ ಕಡೆಗೆ ಹೋದ್ರೆ ನಿಜವಾದ ಮಾಟ್ ಇನ್ಸುಲೇಟರ್ (ಡಿ-ಕಕ್ಷೆಯ ವಿಕರ್ಷಣೆಯೇ ತಡೆಯೋದು) ಸಿಗ್ತದೆ. ನಿಕಲ್, ತಾಮ್ರದ ಕಡೆ ಚಾರ್ಜ್-ಟ್ರಾನ್ಸ್‌ಫರ್ ಇನ್ಸುಲೇಟರ್.

ಎರಡು, ಬಸ್ಸಿನವರಿಗೆ ಸ್ಪಿನ್ ಇಲ್ಲ. ಇಲ್ಲಿ ಅಕ್ಕಪಕ್ಕದ ಸ್ಪಿನ್ ಒಂದು ಮೇಲೆ, ಒಂದು ಕೆಳಗೆ ಅಂತ ಸಾಲಾಗಿ ನಿಂತಿರ್ತವೆ. ಹೋಲ್ ಹೋದ ದಾರಿಯಲ್ಲೆಲ್ಲ ಆ ಸಾಲು ಕೆಡ್ತದೆ, ಅದಕ್ಕೂ ಶಕ್ತಿ ಖರ್ಚು. ಹಾಗಾಗಿ ಒಂದು ಹೋಲ್ ಬಿಟ್ಟ ಕೂಡ್ಲೆ ಲೋಹ ಆಗಲ್ಲ.

ಅಘನಾಶಿನಿ
ನಿಕಲ್ ಆಕ್ಸೈಡ್ ಪುಡಿ ಅರೆಯುವಾಗ ಮಾಸ್ಕ್ ಹಾಕ್ಕೊಂಡಿದ್ದೀಯಾ ತಮ್ಮಾ? ಉಸಿರಲ್ಲಿ ಒಳಗೆ ಹೋದ್ರೆ ಕ್ಯಾನ್ಸರ್‌ಕಾರಕ. ಫ್ಯಾನ್ ಆಫ್ ಮಾಡಿ, ಎರಡು ಹನಿ ಅಸಿಟೋನ್ ಹಾಕಿ ಒದ್ದೆಯಾಗಿಯೇ ಅರೆ.

ಪೆಲೆಟ್_ಪ್ರೆಸ್
ನಿಜವಾಗಿ ಲೋಹ ಆಗೋದನ್ನ ತೋರಿಸಬೇಕು ಅಂದ್ರೆ ಆ ಫರ್ನೇಸಿಗೆ ಹೊಂದೋದು ಲ್ಯಾಂಥನಂ ಕ್ಯುಪ್ರೇಟ್ (ಲ್ಯಾಂಥನಂ-ತಾಮ್ರದ ಪದರ ಆಕ್ಸೈಡ್). ಡೋಪ್ ಮಾಡದ್ದು ಸುಮಾರು 2 ಇಲೆಕ್ಟ್ರಾನ್ ವೋಲ್ಟ್ ಗ್ಯಾಪ್ ಇರೋ ಆಂಟಿಫೆರೋಮ್ಯಾಗ್ನೆಟ್ (ಸ್ಪಿನ್ ಒಂದು ಮೇಲೆ, ಒಂದು ಕೆಳಗೆ). ಲ್ಯಾಂಥನಂ ಜಾಗಕ್ಕೆ ಸ್ಟ್ರಾನ್ಷಿಯಂ ಹಾಕ್ತಾ ಹೋದ್ರೆ ಎಕ್ಸ್ (ಸೂತ್ರದಲ್ಲಿ ಸ್ಟ್ರಾನ್ಷಿಯಂ ಎಷ್ಟು ಅನ್ನೋ ಅಂಕಿ) 0.02ರಲ್ಲೇ ಕಾಂತಕ್ರಮ ಸಾಯ್ತದೆ, 0.05 ದಾಟಿದ ಮೇಲೆ ತಣ್ಣಗೆ ಮಾಡಿದ್ರೆ ರೋಧವೇ ಇಲ್ಲದ ಸೂಪರ್‌ಕಂಡಕ್ಟರ್, 0.15ರ ಆಸುಪಾಸು ಅದಾಗೋ ತಾಪಮಾನ ಅತಿ ಹೆಚ್ಚು, ಸುಮಾರು 38 ಕೆಲ್ವಿನ್. 0.27ರ ಆಚೆ ಸಾದಾ ಲೋಹ.

ಎಕ್ಸ್ 0.15ಕ್ಕೆ, 0.01 ಮೋಲ್ ಅಳತೆ:
ಲ್ಯಾಂಥನಂ ಆಕ್ಸೈಡ್ 3.0137 ಗ್ರಾಂ
ಸ್ಟ್ರಾನ್ಷಿಯಂ ಕಾರ್ಬೋನೇಟ್ 0.2214 ಗ್ರಾಂ
ಕಾಪರ್ ಆಕ್ಸೈಡ್, ಕಪ್ಪು, 0.7955 ಗ್ರಾಂ

ಅಗೇಟ್ ಮಾರ್ಟರಲ್ಲಿ 45 ನಿಮಿಷ ಅರೆದು ಅಲುಮಿನಾ ಬೋಟಲ್ಲಿ 900 ಡಿಗ್ರಿ, 12 ಗಂಟೆ. ತೆಗೆದು ಮತ್ತೆ ಅರೆದು 950ಕ್ಕೆ 12 ಗಂಟೆ. ಮತ್ತೆ ಅರೆದು 4 ಟನ್‌ನಲ್ಲಿ ಬಿಲ್ಲೆ ಒತ್ತಿ 1050ಕ್ಕೆ 24 ಗಂಟೆ. ಬಿಲ್ಲೆಯನ್ನ ನೇರವಾಗಿ ಅಲುಮಿನಾ ಮೇಲೆ ಇಡಬೇಡ, ಅದೇ ಪುಡಿಯ ತೆಳು ಹಾಸಿನ ಮೇಲೆ ಇಡು, ಇಲ್ದಿದ್ರೆ ತಳಕ್ಕೆ ಅಲ್ಯುಮಿನಿಯಂ ಹತ್ತಿಕೊಳ್ತದೆ. 1050ಕ್ಕಿಂತ ಮೇಲೆ ಹೋಗೋ ಆಸೆ ಬೇಡ. ಫರ್ನೇಸಿನ ಡಿಸ್‌ಪ್ಲೇ 20 ಡಿಗ್ರಿ ಸುಳ್ಳು ಹೇಳಿದ್ರೂ ಸೇರದೆ ಉಳಿದ ಕಾಪರ್ ಆಕ್ಸೈಡ್ ಕರಗಿ ಬಿಲ್ಲೆ ಅಂಟಿಕೊಂಡು ಕೂರ್ತದೆ. ಕೊನೆಗೆ 500 ಡಿಗ್ರಿಯಲ್ಲಿ ಆಕ್ಸಿಜನ್ ಹರಿಸಿ 12 ಗಂಟೆ, ಆಮೇಲೆ ನಿಧಾನಕ್ಕೆ ಆರಿಸು. ಆಕ್ಸಿಜನ್ ಸಿಲಿಂಡರ್ ಇಲ್ದಿದ್ರೆ ಗಾಳಿಯಲ್ಲೇ ಗಂಟೆಗೆ 50 ಡಿಗ್ರಿಯಂತೆ ಇಳಿಸು. ಎಕ್ಸ್ 0.15ಕ್ಕೆ ಅಷ್ಟು ನಡೀತದೆ.

ಅಘನಾಶಿನಿ
ಇಷ್ಟೆಲ್ಲ ಬರೆದು ಮುಖ್ಯದ್ದನ್ನೇ ಬಿಟ್ಟಿದ್ದೀರಿ. ಕಾರವಾರದ ಜುಲೈ ತಿಂಗಳಲ್ಲಿ ಲ್ಯಾಂಥನಂ ಆಕ್ಸೈಡ್ ಬಾಟ್ಲಿಯಿಂದ ತೆಗೆದು ನೇರ ತೂಗಿದ್ರೆ 3.0137 ಗ್ರಾಂ ಅಂತ ತೂಗೋದು ಯಾವುದನ್ನ? ಅರ್ಧ ಹೈಡ್ರಾಕ್ಸೈಡ್, ಸ್ವಲ್ಪ ಕಾರ್ಬೋನೇಟ್. ಪೂರ್ತಿ ಹೈಡ್ರಾಕ್ಸೈಡ್ ಆದ್ರೆ 100 ಗ್ರಾಂ ಆಕ್ಸೈಡ್ 116.6 ಗ್ರಾಂ ಆಗಿರ್ತದೆ. ಬಾಟ್ಲಿ ಬಾಯಿ ಸಡಿಲ ಇದ್ರೆ ಕರಾವಳಿಯ ಗಾಳಿಗೆ ಕೆಲವೇ ದಿನ ಸಾಕು.

ತೂಗುವ ಮುಂಚೆ 1000 ಡಿಗ್ರಿಗೆ ರಾತ್ರಿಯಿಡೀ ಇಡಬೇಕು. 200 ಡಿಗ್ರಿಗೆ ಇಳಿಯೋವಷ್ಟರಲ್ಲೇ ತೆಗೆದು ಡೆಸಿಕೇಟರಿಗೆ, ಆರಿದ ಕೂಡ್ಲೆ ಮುಚ್ಚಳದ ಬಾಟ್ಲಲ್ಲಿ ತೂಕ. ಬ್ಯಾಲೆನ್ಸಿನ ಮೇಲೆ ಕೊನೇ ಅಂಕಿ ಏರ್ತಾ ಹೋಗೋದು ಕಣ್ಣಿಗೇ ಕಾಣ್ತದೆ, ಅದು ನೀರು ಹೀರೋದು. ಸಿಲಿಕಾ ಜೆಲ್ ನೀಲಿ ಇದೆಯಾ ನೋಡಿ. ಗುಲಾಬಿ ಆಗಿದ್ರೆ ಡೆಸಿಕೇಟರೂ ಒಂದೇ, ಅಡುಗೆಮನೆ ಡಬ್ಬವೂ ಒಂದೇ.

ಪೆಲೆಟ್_ಪ್ರೆಸ್
ಒಪ್ಪಿದೆ ಅಕ್ಕ. ಸುಡೋ ಹೆಜ್ಜೆ ಎಲ್ಲರಿಗೂ ಗೊತ್ತಿರ್ತದೆ ಅಂದ್ಕೊಂಡೆ.

ಎಕ್ಸ್‌ಆರ್‌ಡಿ_ಭಟ್ಕಳ
ಎಲ್ಲರಿಗೂ ಗೊತ್ತಿದ್ರೆ ನನ್ನ ಹತ್ರ ಬರೋ ಎಕ್ಸ್‌ಆರ್‌ಡಿ (ಎಕ್ಸ್-ರೇ ಬಿಟ್ಟು ಹರಳಿನ ರಚನೆ ನೋಡೋದು) ಪ್ಯಾಟರ್ನ್‌ಗಳಲ್ಲಿ 35.5 ಮತ್ತೆ 38.7 ಡಿಗ್ರಿಯಲ್ಲಿ ಕಾಪರ್ ಆಕ್ಸೈಡ್ ಪೀಕ್ ಎಂತಕ್ಕೆ ಇರ್ತಿತ್ತು?

ಲೆಕ್ಕ ಹೀಗೆ. ಲ್ಯಾಂಥನಂ 3% ಕಡಿಮೆ ಬಿತ್ತು ಅಂದ್ಕೊಳ್ಳಿ. 1.85ರ ಬದಲು ಸುಮಾರು 1.795. ಸ್ಟ್ರಾನ್ಷಿಯಂ ಸೇರಿ 1.945, ಎರಡಕ್ಕೆ ಒಂದು ತಾಮ್ರ ಅಂದ್ರೆ 0.972 ತಾಮ್ರಕ್ಕಷ್ಟೇ ಜೊತೆ ಸಿಗ್ತದೆ. ಉಳಿದ 0.028 ಕಾಪರ್ ಆಕ್ಸೈಡ್ ಆಗಿ ಧಾನ್ಯಗಳ ನಡುವೆ ಕೂರ್ತದೆ. ಸ್ಟ್ರಾನ್ಷಿಯಂ ಕೂಡ 0.15 ಅಲ್ಲ, 0.154. ಡೋಪಿಂಗ್ ಹೆಚ್ಚು ಬದಲಾಗಿಲ್ಲ ಅನ್ನಿಸ್ತದೆ, ಆದ್ರೆ ಧಾನ್ಯದ ಗಡಿಯಲ್ಲಿ ಇನ್ಸುಲೇಟರ್ ಕೂತದ್ದರಿಂದ ರೋಧ ಏರಿ, "ಲೋಹ ಆಗಿಲ್ಲ" ಅಂತ ಸುಳ್ಳು ತೀರ್ಮಾನ ಬರ್ತದೆ. 28 ಡಿಗ್ರಿ ಹತ್ರ ಪೀಕ್ ಕಂಡ್ರೆ ಅದು ಲ್ಯಾಂಥನಂ ಹೈಡ್ರಾಕ್ಸೈಡ್. ಅಂದ್ರೆ ರಿಯಾಕ್ಷನ್ನೇ ಮುಗಿದಿಲ್ಲ. ಉಳಿದ ಆಕ್ಸೈಡ್ ಹೊರಗೆ ಬಂದ ಮೇಲೆ ನೀರು ಕುಡಿದಿದೆ.

ಡೋಪಿಂಗ್ ಒಳಗೆ ಹೋಗಿದೆಯಾ ಅನ್ನೋದಕ್ಕೆ 33 ಡಿಗ್ರಿ ಹತ್ತಿರದ ಪೀಕ್ ನೋಡಿ. ಸ್ಟ್ರಾನ್ಷಿಯಂ ಇಲ್ಲದ್ದು ಕೋಣೆ ತಾಪದಲ್ಲಿ ಆರ್ಥೋರಾಂಬಿಕ್ (ತಳದ ಎರಡು ಬದಿ ಅಸಮ), ಹಾಗಾಗಿ ಅಲ್ಲಿ ಎರಡು ಪೀಕ್. ಎಕ್ಸ್ 0.1 ದಾಟಿದ್ರೆ ಟೆಟ್ರಾಗೋನಲ್ (ಆ ಬದಿಗಳು ಸಮ), ಎರಡೂ ಪೀಕ್ ಸೇರಿ ಒಂದಾಗ್ತದೆ. ಸಿ-ಅಕ್ಷ 13.15ರಿಂದ 13.2 ಆಂಗ್‌ಸ್ಟ್ರಾಮ್‌ಗಿಂತ ಮೇಲೆ ಹೋಗ್ತದೆ, ಎ-ಅಕ್ಷ ಕುಗ್ತದೆ. ಸ್ಟ್ರಾನ್ಷಿಯಂ ಅಯಾನು ದೊಡ್ಡದು, ಆದ್ರೂ ಎ ಕುಗ್ಗೋದು ಹೋಲ್‌ನಿಂದ: ತಾಮ್ರ-ಆಕ್ಸಿಜನ್ ಬಂಧದ ವಿರೋಧ ಕಕ್ಷೆಯಿಂದಲೇ ಇಲೆಕ್ಟ್ರಾನ್ ಹೋಗಿದೆಯಲ್ಲ.

ಜಾಲಿ_ಪೆಡ್ಡಣ್ಣ
ಮಧ್ಯೆ ಬಾಯಿ ಹಾಕ್ತೆ. ಮನೆ ಗೋಡೆಯ ಚಿರೇಕಲ್ಲೂ ಕಬ್ಬಿಣದ ಆಕ್ಸೈಡೇ ಅಲ್ದಾ? ಅದಕ್ಕೂ ಡೋಪ್ ಮಾಡಿ ವೈರ್ ಮಾಡ್ಬಹುದಾ? 😀

ದೇವಬಾಗ್_ಮರಳು
ನಗೋ ಪ್ರಶ್ನೆ ಅಲ್ಲ ಇದು. ಚಿರೇಕಲ್ಲಿನ ಕೆಂಪು ಹೆಮಟೈಟ್‌ದು. ಗ್ಯಾಪ್ ಸುಮಾರು 2.1 ಇಲೆಕ್ಟ್ರಾನ್ ವೋಲ್ಟ್, ನೀಲಿ ಹಸಿರು ಬೆಳಕು ಹೀರಿಕೊಂಡು ಕೆಂಪು ಬಿಡ್ತದೆ. ಅದೂ ಇದೇ ಜಾತಿಯ ಇನ್ಸುಲೇಟರ್. ಶುದ್ಧ ಹೆಮಟೈಟಿಗೆ ಟೈಟೇನಿಯಂ ಹಾಕಿದ್ರೆ ರೋಧ ಬಹಳ ಇಳೀತದೆ, ಆದ್ರೆ ಇಲೆಕ್ಟ್ರಾನ್ ಪೋಲರಾನ್ ಆಗಿ ಕೂತುಬಿಡ್ತದೆ. ಲೋಹ ಆಗಲ್ಲ. ಮ್ಯಾಗ್ನೆಟೈಟ್ ಬೇರೆ, ಎರಡು ಬಗೆಯ ಕಬ್ಬಿಣ ಹುಟ್ಟಿನಿಂದಲೇ ಇರೋದರಿಂದ ಚೆನ್ನಾಗಿ ಹರಿಸ್ತದೆ. 120 ಕೆಲ್ವಿನ್ ಹತ್ತಿರ ಅದೂ ಹೆಪ್ಪುಗಟ್ಟಿದ ಹಾಗೆ ನಿಲ್ತದೆ. ಅದು ಫರ್ವೇ ಟ್ರಾನ್ಸಿಷನ್, ಮೇಲೆ ಹೆಸರು ಬಂತಲ್ಲ, ಅವರೇ.

ಜಾಲಿ_ಪೆಡ್ಡಣ್ಣ
ಹೌದಾ. ಜೋಯಿಡಾ ಕಡೆಯ ಮ್ಯಾಂಗನೀಸ್ ಅದಿರು?

ಕಾಳಿ_ಸೇತುವೆ
ಅದಿರು ಕೊಳಕು ಮಿಶ್ರಣ, ಅದರಲ್ಲಿ ಎಂತದೂ ಕಲಿಯೋಕಾಗಲ್ಲ. ಮ್ಯಾಂಗನೀಸ್‌ನ ಲ್ಯಾಂಥನಂ ಜೊತೆ ಸೇರಿಸಿದ ಪೆರೋವ್‌ಸ್ಕೈಟ್ ಮಾತ್ರ ಒಳ್ಳೇ ಉದಾಹರಣೆ. ಸ್ಟ್ರಾನ್ಷಿಯಂ 0.17ರ ಹತ್ತಿರ ತಣ್ಣಗಿರುವಾಗ ಲೋಹ ಆಗ್ತದೆ. ಎಕ್ಸ್ 0.3ರಲ್ಲಿ 370 ಕೆಲ್ವಿನ್ ತನಕ ಫೆರೋಮ್ಯಾಗ್ನೆಟ್, ಬಿಲ್ಲೆಯನ್ನ ಅಯಸ್ಕಾಂತಕ್ಕೆ ಹಿಡಿದ್ರೆ ಅಂಟ್ತದೆ. ಇಲ್ಲಿ ಸ್ಪಿನ್‌ಗಳೆಲ್ಲ ಒಂದೇ ದಿಕ್ಕಿಗೆ ನಿಂತ್ರೆ ಮಾತ್ರ ಇಲೆಕ್ಟ್ರಾನ್ ಸಲೀಸಾಗಿ ದಾಟ್ತದೆ. 1951ರಲ್ಲಿ ಜೀನರ್ ಹೇಳಿದ್ದು ಇದನ್ನೇ.

ಗೋಟಡಿಕೆ_ಸಿರ್ಸಿ
ವಿಷಯಕ್ಕೆ ಬನ್ನಿ. ನಿಕಲ್ ಆಕ್ಸೈಡಲ್ಲಿ 5% ಹೋಲ್, ಕ್ಯುಪ್ರೇಟಲ್ಲೂ 5% ಹೋಲ್. ಒಂದು ಪೋಲರಾನ್, ಒಂದು ಲೋಹದ ಹೊಸ್ತಿಲು. ವ್ಯತ್ಯಾಸ ಎಂತದು ಅಂತ ಯಾರೂ ಹೇಳ್ಲಿಲ್ಲೆ.

ಹಳೇ_ಸ್ಲೈಡ್‌ರೂಲ್
ಡೋಪಂಟ್ ಎಲ್ಲಿ ಕೂತಿದೆ ನೋಡಿ. ಸ್ಟ್ರಾನ್ಷಿಯಂ ಕೂರೋದು ತಾಮ್ರ-ಆಕ್ಸಿಜನ್ ಪದರದ ಹೊರಗೆ. ಕರೆಂಟ್ ಹರಿಯೋ ಜಾಲಕ್ಕೆ ಅದು ಕೈ ಹಾಕಲ್ಲ, ಹೋಲ್ ಕೊಟ್ಟು ದೂರ ನಿಲ್ತದೆ. ನಿಕಲ್ ಆಕ್ಸೈಡಲ್ಲಿ ಲಿಥಿಯಂ ಕೂರೋದು ನಿಕಲ್‌ನದೇ ಜಾಗದಲ್ಲಿ. ಹೋಲ್ ಕೊಡೋದರ ಜೊತೆಗೆ ಜಾಲದ ಒಂದು ಗಂಟನ್ನೇ ಕಿತ್ತು ಹಾಕ್ತದೆ, ಋಣ ಚಾರ್ಜ್ ಆಗಿ ಅಲ್ಲೇ ಕೂತು ಹೋಲನ್ನ ಹಿಡಿದಿಡ್ತದೆ.

ಪುರಾವೆ ಬೇಕಾ? ಅದೇ ಲ್ಯಾಂಥನಂ ಕ್ಯುಪ್ರೇಟ್ ತಗೊಂಡು ತಾಮ್ರದ ಜಾಗಕ್ಕೆ ಲಿಥಿಯಂ ಹಾಕಿ. ಹೋಲ್ ಲೆಕ್ಕ ಸ್ಟ್ರಾನ್ಷಿಯಂ ಹಾಕಿದ್ದಕ್ಕೆ ಸಮ. ಆಂಟಿಫೆರೋ ಕ್ರಮ 3% ಆಸುಪಾಸಲ್ಲೇ ಸಾಯ್ತದೆ, ಸ್ಟ್ರಾನ್ಷಿಯಂನಲ್ಲಿ ಸತ್ತ ಹಾಗೆಯೇ. ಆದರೆ ಲೋಹ? ಲಿಥಿಯಂ 50% ತನಕ ಹಾಕಿದ್ರೂ ಆಗಲ್ಲ. ಆ ಕೊನೆಯಲ್ಲಿ ತಾಮ್ರ, ಲಿಥಿಯಂ ಒಂದು ಬಿಟ್ಟು ಒಂದು ಜೋಡಿಸಿಕೊಂಡ ಪಕ್ಕಾ ಇನ್ಸುಲೇಟರ್. ಹೋಲ್ ಎಣಿಸಿದ್ರೆ ಸಾಲದು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಸಾಕ್ಷಿ ನನಗೆ ಗೊತ್ತಿಲ್ಲ.

ದೇವಬಾಗ್_ಮರಳು
ಇದನ್ನ ನಿಯಮ ಮಾಡಿಬಿಡಬೇಡಿ ಮೇಷ್ಟ್ರೆ. ಲ್ಯಾಂಥನಂ ನಿಕಲೇಟ್, ಅದೇ ಪದರ ರಚನೆ, ಅದೇ ಲ್ಯಾಂಥನಂ ಜಾಗದಲ್ಲಿ ಅದೇ ಸ್ಟ್ರಾನ್ಷಿಯಂ. ಜಾಲಕ್ಕೆ ಕೈ ಹಾಕೇ ಇಲ್ಲ. ಆದ್ರೂ ಎಕ್ಸ್ 1ರ ಹತ್ತಿರ ಹೋಗೋ ತನಕ ಲೋಹ ಆಗಲ್ಲ! ಎಕ್ಸ್ 1/3ರಲ್ಲಿ ಹೋಲ್‌ಗಳು ಪಟ್ಟೆ ಪಟ್ಟೆಯಾಗಿ ಸಾಲುಗಟ್ಟಿ ನಿಂತುಬಿಡ್ತವೆ. ನಿಕಲ್‌ನ ಸ್ಪಿನ್ 1, ತಾಮ್ರದ್ದು ಅರ್ಧ. ನಿಕಲ್‌ನಲ್ಲಿ ಹೋಲ್ ಜಾಲಕವನ್ನ ಹೆಚ್ಚು ಎಳೀತದೆ.

ಟೈಟೇನಿಯಂದೂ ನೋಡಿ. ಲ್ಯಾಂಥನಂ ಟೈಟನೇಟಿಗೆ ಸ್ಟ್ರಾನ್ಷಿಯಂ 5% ಹಾಕಿದ್ರೆ ಲೋಹ. ಲ್ಯಾಂಥನಂ ತೆಗೆದು ಚಿಕ್ಕ ಇಟ್ರಿಯಂ ಹಾಕಿ, ಕ್ಯಾಲ್ಸಿಯಂನಿಂದ ಡೋಪ್ ಮಾಡಿದ್ರೆ 40% ಹತ್ತಿರ ಬೇಕು. ಚಿಕ್ಕ ಅಯಾನಿನಿಂದ ಟೈಟೇನಿಯಂ-ಆಕ್ಸಿಜನ್-ಟೈಟೇನಿಯಂ ಕೋನ ಬಾಗ್ತದೆ, ಇಲೆಕ್ಟ್ರಾನ್ ದಾಟೋ ಪಟ್ಟಿ ಸಪೂರ ಆಗ್ತದೆ. ಡೋಪಂಟ್ ಜಾಗ, ಪಟ್ಟಿಯ ಅಗಲ, ಜಾಲಕದ ಎಳೆತ, ಮೂರೂ ಬೇಕು.

ಹಳೇ_ಸ್ಲೈಡ್‌ರೂಲ್
ಒಪ್ಪುತ್ತೇನೆ. ಜಾಲದ ಹೊರಗೆ ಡೋಪ್ ಮಾಡೋದು ಅಗತ್ಯಕ್ಕೆ ಹತ್ತಿರದ ಮಾತು, ಅಷ್ಟೇ ಸಾಕು ಅಂತಲ್ಲ.

ಕೋಡಿಬಾಗ_ಬೀಚ್
ಟೈಟನೇಟ್ ನಮ್ಮ ಫರ್ನೇಸಲ್ಲಿ ಆಗ್ತದಾ?

ಪೆಲೆಟ್_ಪ್ರೆಸ್
ಆಗಲ್ಲ. ಟೈಟೇನಿಯಂ ಮೂರು ಚಾರ್ಜಲ್ಲಿ ಇರಬೇಕು, ಗಾಳಿಯಲ್ಲಿ ಸುಟ್ರೆ ನಾಲ್ಕಕ್ಕೆ ಹೋಗಿ ಬೆಳ್ಳನೆಯ ಬೇರೆ ಆಕ್ಸೈಡ್ ಬರ್ತದೆ. ಆರ್ಗಾನ್-ಹೈಡ್ರೋಜನ್ ಅಥವಾ ಆರ್ಕ್ ಮೆಲ್ಟಿಂಗ್ ಬೇಕು. ತಾಮ್ರ ಹಿಡ್ಕೊ, ಗಾಳಿ ಅದರ ಪರವಾಗಿದೆ.

ಅಂದ ಹಾಗೆ ಆ ಗಾಳಿಯನ್ನ ತೂಕದಲ್ಲೂ ಹಿಡೀಬಹುದು. ಮೇಲೆ ಕೊಟ್ಟ ಅಳತೆಯಲ್ಲಿ ಮೂರೂ ಸೇರಿ 4.0306 ಗ್ರಾಂ. ಕಾರ್ಬೋನೇಟಿಂದ ಹೋಗೋ ಇಂಗಾಲದ ಡೈಆಕ್ಸೈಡ್ 0.0660. ಉಳಿಯಬೇಕಾದ್ದು 3.9646. ಸೂತ್ರದ ಪ್ರಕಾರ ಬರಬೇಕಾದ್ದು 3.9766. ವ್ಯತ್ಯಾಸ 0.012 ಗ್ರಾಂ ಗಾಳಿಯಿಂದ ಬಂದ ಆಕ್ಸಿಜನ್. ಸೂತ್ರಕ್ಕೆ 0.075 ಆಕ್ಸಿಜನ್, ಒಂದೊಂದೂ ಎರಡು ಇಲೆಕ್ಟ್ರಾನ್ ಕಿತ್ತುಕೊಳ್ತದೆ, ಅಂದ್ರೆ 0.15 ಹೋಲ್. ಇಲೆಕ್ಟ್ರಾನ್ ತೆಗೆಯೋದು ಈ ಆಕ್ಸಿಜನ್; ಸ್ಟ್ರಾನ್ಷಿಯಂ ಅದಕ್ಕೆ ಜಾಗ ಮಾಡಿಕೊಡ್ತದೆ.

ಅಘನಾಶಿನಿ
0.012 ಗ್ರಾಂ ತೂಕದಲ್ಲಿ ಹಿಡೀತೇವೆ ಅನ್ನೋದು ಕಾಗದದ ಮೇಲೆ ಚಂದ. ಮಾರ್ಟರಿಗೆ ಅಂಟಿ ಹೋಗೋದೇ ಅದಕ್ಕಿಂತ ಹೆಚ್ಚು. ಟೈಟ್ರೇಷನ್ ಮಾಡಿ.

ಕಾಳಿ_ಸೇತುವೆ
ಅಳತೆ ವಿಷಯ. ಎರಡು ತಂತಿಯ ಮಲ್ಟಿಮೀಟರ್ ಇಲ್ಲಿ ಉಪಯೋಗಕ್ಕಿಲ್ಲ. ಬಿಲ್ಲೆಯಿಂದ 10 ಮಿ.ಮೀ. ಉದ್ದ, 3 ಅಗಲ, 1.5 ದಪ್ಪದ ಕಡ್ಡಿ ಕತ್ತರಿಸಿ. ವೋಲ್ಟೇಜ್ ತಂತಿಗಳ ಮಧ್ಯೆ 4 ಮಿ.ಮೀ. ರೋಧಕತೆ 2 ಮಿಲಿಓಮ್-ಸೆಂ.ಮೀ. ಇದ್ರೆ ರೋಧ ಬರೋದು ಬರೀ 0.018 ಓಮ್. ಮೀಟರ್ ಲೀಡಿನದೇ 0.3 ಓಮ್ ಇರ್ತದೆ. ನಾಲ್ಕು ತಂತಿ ಹಾಕಿ 10 ಮಿಲಿಆಂಪ್ ಬಿಟ್ರೆ 0.18 ಮಿಲಿವೋಲ್ಟ್ ಸಿಗ್ತದೆ, ಮೈಕ್ರೋವೋಲ್ಟ್ ತೋರಿಸೋ ಮೀಟರ್ ಬೇಕು. ಪ್ರತಿ ರೀಡಿಂಗಿಗೂ ಕರೆಂಟ್ ದಿಕ್ಕು ತಿರುಗಿಸಿ ಸರಾಸರಿ ತಗೊಳ್ಳಿ, ಇಲ್ದಿದ್ರೆ ಎರಡು ತುದಿಯ ಬಿಸಿ ವ್ಯತ್ಯಾಸದ ವೋಲ್ಟೇಜನ್ನೇ ರೋಧ ಅಂತ ಬರೀತೀರಿ. ಸಿಲ್ವರ್ ಪೇಂಟ್ ಹಚ್ಚುವ ಮುಂಚೆ ಮೇಲ್ಮೈಯನ್ನ ಎಮರಿ ಪೇಪರಲ್ಲಿ ಉಜ್ಜಿ.

ಲಿಕ್ವಿಡ್ ನೈಟ್ರೋಜನ್ ಇಲ್ದಿದ್ರೂ ಐಸ್‌ನಿಂದ 100 ಡಿಗ್ರಿ ತನಕ ಸಾಕು. ಎಕ್ಸ್ 0.15ರಲ್ಲಿ ರೋಧ ತಾಪಮಾನದ ಜೊತೆ ನೇರ ಗೆರೆಯಲ್ಲಿ ಏರ್ತದೆ. ಒಳ್ಳೇ ಹರಳಲ್ಲಿ ಮೂರನೇ ಒಂದು ಭಾಗದಷ್ಟು ಏರಬೇಕು, ಬಿಲ್ಲೆಯಲ್ಲಿ ಕಡಿಮೆ.

ಜಾಲಿ_ಪೆಡ್ಡಣ್ಣ
ಎಣ್ಣೆ ಬಾತಿಗೆ ತೆಂಗಿನೆಣ್ಣೆ ನಡೀತದಾ? ನಮ್ಮಲ್ಲಿ ಅದಕ್ಕೇನು ಬರ.

ಕಾಳಿ_ಸೇತುವೆ
ಬಾತಿಗೆ ನಡೀತದೆ, ಬಿಲ್ಲೆಗೆ ತಾಗಬಾರದು. ಬಿಲ್ಲೆಯಲ್ಲಿ ಕಾಲು ಭಾಗ ರಂಧ್ರ, ಹೀರಿಕೊಳ್ತದೆ. ಒಣ ಟೆಸ್ಟ್ ಟ್ಯೂಬಲ್ಲಿ ಇಟ್ಟು ಟ್ಯೂಬನ್ನ ಮುಳುಗಿಸು.

ದೇವಬಾಗ್_ಮರಳು
ಒಂದು ಎಚ್ಚರಿಕೆ. ಗೆರೆ ಮೇಲೆ ಹೋಯ್ತು ಅಂದ ಕೂಡ್ಲೆ ಲೋಹ ಅಂತ ಬರೀಬೇಡಿ. 2001ರಲ್ಲಿ ಆಂಡೋ ತಂಡ ಎಕ್ಸ್ 0.01 ಹರಳಲ್ಲೂ, ಅಂದ್ರೆ ಇನ್ನೂ ಆಂಟಿಫೆರೋ ಆಗಿರೋದರಲ್ಲೂ, ಕೋಣೆಯ ತಾಪದ ಸುತ್ತಮುತ್ತ ರೋಧ ಬಿಸಿಗೆ ಏರೋದನ್ನ ತೋರಿಸಿದೆ. ಅದರ ರೋಧಕತೆ ಲೋಹಕ್ಕಿರಬಹುದಾದ ಮಿತಿಗಿಂತ ಎಷ್ಟೋ ಮೇಲೆ, ತಣ್ಣಗೆ ಮಾಡಿದ್ರೆ ತಿರುಗಿ ಏರ್ತದೆ. ನಿಜವಾದ ಲೋಹ ಅಂದ್ರೆ ತಾಪ ಸೊನ್ನೆಗೆ ಹೋದಾಗಲೂ ವಾಹಕತೆ ಸೊನ್ನೆ ಆಗಬಾರದು. ಅದನ್ನೂ ಸೂಪರ್‌ಕಂಡಕ್ಟಿವಿಟಿ ಮುಚ್ಚಿಬಿಡ್ತದೆ. 1996ರಲ್ಲಿ ಬೋಬಿಂಗರ್, ಆಂಡೋ ಮತ್ತಿತರರು 60 ಟೆಸ್ಲಾ ಹತ್ತಿರದ ಪಲ್ಸ್ ಕಾಂತಕ್ಷೇತ್ರದಿಂದ ಅದನ್ನ ಕೊಂದು ನೋಡಿದಾಗ, ಎಕ್ಸ್ 0.16ರ ಸುಮಾರಿನ ಕೆಳಗೆಲ್ಲ ಒಳಗಿದ್ದದ್ದು ಇನ್ಸುಲೇಟರ್ ನಡತೆ!

ಗೋಟಡಿಕೆ_ಸಿರ್ಸಿ
ಇದೆಂತದು, ಸೂಪರ್‌ಕಂಡಕ್ಟರ್ ಆಗ್ತದೆ ಆದ್ರೆ ಲೋಹ ಅಲ್ಲ! ಹಾಗಾದ್ರೆ ಆ ಹುಡುಗ ಎಂತ ಬರೀಬೇಕು?

ಹಳೇ_ಸ್ಲೈಡ್‌ರೂಲ್
ಎರಡನ್ನೂ ಬರೀಲಿ: ಗೆರೆಯ ದಿಕ್ಕು, ರೋಧಕತೆಯ ಗಾತ್ರ. "0ರಿಂದ 100 ಡಿಗ್ರಿವರೆಗೆ ಲೋಹದ ನಡತೆ" ಅಂದ್ರೆ ಯಾವ ಪರೀಕ್ಷಕರೂ ತಕರಾರು ತೆಗೆಯಲ್ಲ.

ಹಾಲ್ ಸೆಟಪ್ (ಕಾಂತಕ್ಷೇತ್ರದಲ್ಲಿಟ್ಟು ಕರೆಂಟ್ ಒಯ್ಯೋ ಕ್ಯಾರಿಯರ್ ಎಣಿಸೋದು) ಇದ್ರೆ ಇನ್ನೂ ಚೆಂದ. ಘನ ಸೆಂಟಿಮೀಟರಿಗೆ ತಾಮ್ರ ಸುಮಾರು 1 ರ ಮುಂದೆ 22 ಸೊನ್ನೆ. ಎಕ್ಸ್ 0.05ಕ್ಕೆ ಅದರ ಇಪ್ಪತ್ತನೇ ಒಂದು ಭಾಗ ಕ್ಯಾರಿಯರ್ ತೋರಿಸ್ತದೆ, ಅಂದ್ರೆ ಹಾಕಿದಷ್ಟೇ. ಬ್ಯಾಂಡ್ ಥಿಯರಿ ಸರಿ ಇದ್ದಿದ್ರೆ 1.05 ಭಾಗ ಕಾಣಬೇಕಿತ್ತು. ತುಂಬಾ ಡೋಪ್ ಮಾಡಿದ ಮೇಲೇ ಆ ದೊಡ್ಡ ಸಂಖ್ಯೆಯ ಕಡೆ ಹೋಗೋದು. ಸಿಲಿಕಾನ್‌ಗೆ ಫಾಸ್ಫರಸ್ ಹಾಕಿ ಲೋಹ ಮಾಡೋದಕ್ಕೆ 13 ಸಾವಿರಕ್ಕೊಂದು ಪರಮಾಣು ಸಾಕು. ಇಲ್ಲಿ ನೂರಕ್ಕೆ ಐದು ಬೇಕಾಗೋದು, ಹೋಲ್ ಹರಡಿಕೊಳ್ಳೋ ವ್ಯಾಪ್ತಿ ಸಣ್ಣದು, ಮೇಲಿಂದ ಸ್ಪಿನ್‌ಗಳ ಸಾಲೂ ಅಡ್ಡ ಅಂತ.

ಅಘನಾಶಿನಿ
ಈ ಪದರ ಆಕ್ಸೈಡ್‌ಗಳು ನಮ್ಮ ರಾಜ್ಯಕ್ಕೆ ಹೊಸತೇನಲ್ಲ. 1986ರಲ್ಲಿ ಬೆಡ್ನೋರ್ಜ್, ಮ್ಯುಲರ್ ಬೇರಿಯಂ ಹಾಕಿದ ಕ್ಯುಪ್ರೇಟಲ್ಲಿ ಸೂಪರ್‌ಕಂಡಕ್ಟಿವಿಟಿ ಕಾಣೋ ಮುಂಚೆಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಾಂಗುಲಿ, ಸಿ.ಎನ್.ಆರ್. ರಾವ್ ಇದೇ ಕುಟುಂಬದ ಮೇಲೆ ಕೆಲಸ ಮಾಡಿದ್ರು. ಇದನ್ನ ರಿಪೋರ್ಟಿನ ಪೀಠಿಕೆಯಲ್ಲಿ ಹಾಕು.

ಇನ್ನು ಟೈಟ್ರೇಷನ್. ಎರಡು ಸಲ, ತಲಾ 100 ಮಿ.ಗ್ರಾಂ. ಮೊದಲನೇದು: ದುರ್ಬಲ ಹೈಡ್ರೋಕ್ಲೋರಿಕ್ ಆಸಿಡಲ್ಲಿ ಕರಗಿಸಿ 10 ನಿಮಿಷ ಕುದಿಸು, ಹೋಲ್ ಎಲ್ಲ ಅಲ್ಲೇ ಖರ್ಚಾಗಿ ಹೋಗ್ತದೆ. ಆರಿಸಿ ಪೊಟಾಷಿಯಂ ಅಯೋಡೈಡ್ 2 ಗ್ರಾಂ ಹಾಕಿ 0.02 ನಾರ್ಮಲ್ ಥಯೋಸಲ್ಫೇಟಿಂದ ಟೈಟ್ರೇಟ್ ಮಾಡು, ಸುಮಾರು 12.6 ಮಿ.ಲೀ. ಇದು ಒಟ್ಟು ತಾಮ್ರ. ಎರಡನೇದು: ಅಯೋಡೈಡ್ ಮೊದಲೇ ಇರೋ ತಣ್ಣನೆ ಆಸಿಡಿಗೆ ಪುಡಿ ಹಾಕು, ಹೋಲೂ ಅಯೋಡಿನ್ ಬಿಡಿಸ್ತದೆ, 14.5ರ ಹತ್ತಿರ ಬರಬೇಕು. ವ್ಯತ್ಯಾಸವನ್ನ ಮೊದಲನೇದರಿಂದ ಭಾಗಿಸಿದ್ರೆ ತಾಮ್ರಕ್ಕೆ ಎಷ್ಟು ಹೋಲ್ ಅಂತ ಸಿಗ್ತದೆ. ಬ್ಯುರೆಟಿನ ಒಂದು ಹನಿ ಆಚೀಚೆ ಆದ್ರೆ 0.004 ವ್ಯತ್ಯಾಸ.

ನೈಟ್ರಿಕ್ ಆಸಿಡ್ ಮುಟ್ಟಬೇಡ, ಅದೇ ಅಯೋಡಿನ್ ಬಿಡಿಸಿಬಿಡ್ತದೆ. ಎರಡನೇದರಲ್ಲಿ ಗಾಳಿ ತಾಗಿದ್ರೂ ರೀಡಿಂಗ್ ಸುಳ್ಳೇ ಹೆಚ್ಚಾಗ್ತದೆ; ಆಸಿಡಿಗೆ ಒಂದು ಚಿಟಿಕೆ ಸೋಡಿಯಂ ಬೈಕಾರ್ಬೋನೇಟ್ ಹಾಕಿ ನೊರೆ ಬಂದ ಮೇಲೆ ಮುಚ್ಚಿಟ್ರೆ ಅದರ ಗ್ಯಾಸೇ ಕಾವಲು. ಪಿಷ್ಟ ಕೊನೆಗೆ ಹಾಕು, ಬಣ್ಣ ತಿಳಿ ಹಳದಿ ಆದ ಮೇಲೆ. ಮುಗಿಯೋ ಹೊತ್ತಿಗೆ ಸ್ವಲ್ಪ ಅಮೋನಿಯಂ ಥಯೋಸಯನೇಟ್, ಕಾಪರ್ ಅಯೋಡೈಡಿಗೆ ಅಂಟಿದ ಅಯೋಡಿನ್ ಬಿಡ್ತದೆ. ಥಯೋಸಲ್ಫೇಟ್ ಹಳೇದಾದ್ರೆ ಡೈಕ್ರೋಮೇಟಿಂದ ಮತ್ತೆ ಸ್ಟ್ಯಾಂಡರ್ಡೈಸ್ ಮಾಡ್ಲೇಬೇಕು.

ಕೋಡಿಬಾಗ_ಬೀಚ್
ಎಲ್ಲರಿಗೂ ಥ್ಯಾಂಕ್ಸ್. ಸ್ಟ್ರಾನ್ಷಿಯಂ 0, 0.05, 0.15, 0.30, ನಾಲ್ಕು ಬಿಲ್ಲೆ ಸಾಕಾ? ಮಧ್ಯೆ ಕರೆಂಟ್ ಹೋದ್ರೆ ಬ್ಯಾಚ್ ಹಾಳಾ?

ಪೆಲೆಟ್_ಪ್ರೆಸ್
ಕರೆಂಟ್ ಹೋದ್ರೆ ಪುಡಿಯ ಹಂತದಲ್ಲಿ ತೊಂದ್ರೆ ಇಲ್ಲ, ಮತ್ತೆ ಅರೆದು ಇಡು. ಬಿಲ್ಲೆಯ ಹಂತದಲ್ಲಿ ಹೋದ್ರೆ ಬಾಗಿಲು ತೆಗೀಬೇಡ, ಬಿರುಕು ಬಿಡ್ತದೆ. ಕೊನೇ ನಿಧಾನ ಇಳಿಕೆಯಲ್ಲಿ ಹೋದ್ರೆ 500ಕ್ಕೆ ಮತ್ತೆ ಏರಿಸಿ ಆ ಹಂತವನ್ನಷ್ಟೇ ಮಾಡು.

0.30 ಬಿಡು. 0.2ರ ಮೇಲೆ ಗಾಳಿಯಲ್ಲಿ ಆಕ್ಸಿಜನ್ ಪೂರ್ತಿ ಕೂರಲ್ಲ, ಖಾಲಿ ಉಳಿದ ಒಂದೊಂದು ಜಾಗವೂ ಎರಡು ಹೋಲ್ ನುಂಗ್ತದೆ, ಒತ್ತಡದ ಆಕ್ಸಿಜನ್ ಬೇಕಾಗ್ತದೆ. ಅದರ ಬದಲು 0.10 ಹಾಕು, ಮತ್ತೆ ಮೇಷ್ಟ್ರು ಹೇಳಿದ ಲಿಥಿಯಂದು ಒಂದು. ಲಿಥಿಯಂ ಕಾರ್ಬೋನೇಟ್ ನಿನ್ನ ಹತ್ರ ಇದ್ದೇ ಇದೆ. ತಾಮ್ರದ ಜಾಗಕ್ಕೆ 10% ಅಂದ್ರೆ ಲ್ಯಾಂಥನಂ ಆಕ್ಸೈಡ್ 3.2581, ಕಾಪರ್ ಆಕ್ಸೈಡ್ 0.7159, ಲಿಥಿಯಂ ಕಾರ್ಬೋನೇಟ್ 0.0369 ಗ್ರಾಂ. ಇದನ್ನ 1050ಕ್ಕೆ ಒಯ್ಯಬೇಡ, ಲಿಥಿಯಂ ಹಾರಿಹೋಗ್ತದೆ. 900ರ ಒಳಗೇ ಇಟ್ಟು, ಬಿಲ್ಲೆಯನ್ನ ಅದೇ ಪುಡಿಯಲ್ಲಿ ಹೂತು, ಮುಚ್ಚಳ ಹಾಕಿ ಹೆಚ್ಚು ಹೊತ್ತು ಸುಡು. ಸ್ಟ್ರಾನ್ಷಿಯಂ 0.10ರ ಪಕ್ಕ ಅದರ ಗೆರೆ ಹಾಕಿದ್ರೆ ಗೈಡಿಗೆ ತೋರಿಸಬೇಕಾದ ಗ್ರಾಫ್ ಅದೇ.

ಎಕ್ಸ್‌ಆರ್‌ಡಿ_ಭಟ್ಕಳ
ಎಕ್ಸ್‌ಆರ್‌ಡಿಗೆ ಕಳಿಸುವಾಗ ಪುಡಿಯನ್ನ ಪಾಲಿಥೀನ್ ಚೀಟಲ್ಲಿ ಕಟ್ಟಿ ಕಳಿಸಬೇಡಿ ದಯವಿಟ್ಟು. ಸ್ಕ್ರೂ ಮುಚ್ಚಳದ ವಯಲ್, ಮೇಲೆ ಎಕ್ಸ್ ಎಷ್ಟು ಅಂತ ಪೆನ್ಸಿಲಲ್ಲಿ ಬರೆದ ಲೇಬಲ್. ಇಂಕು ಮಳೆಗೆ ಅಳಿಸಿಹೋಗ್ತದೆ.